ಐವತ್ತೆರಡು ಕುದುರೆ

ತಿಕೋಟಾದ ಮೆಕ್ಯಾನಿಕ್ ಗೌತಮನಿಗೆ ಹಾಡಹಗಲೇ ಕುದುರೆಗಳು ಕಾಣುತ್ತಿದ್ದವು. ಗ್ಯಾರೇಜಿನೆದುರಿನ ಶೆಡ್ಡಿನಿಂದ ದ್ರಾಕ್ಷಿ ಒಣಗುವ ಸಿಹಿ ವಾಸನೆ ಬಂದರೆ ಸಾಕು, ಮಹಾರಾಯ ಬೋಲ್ಟು ಬಿಗಿಯುವ ಪಾನಾ ಹಿಡಿದಲ್ಲೇ ಕಣ್ಣು ಮುಚ್ಚುತ್ತಿದ್ದ. ಭೂತನಾಳದ ಕೆರೆಯ ದಂಡೆಯಿಂದ ಐವತ್ತೆರಡು ಕುದುರೆಗಳು ಸದ್ದಿಲ್ಲದೆ ಎದ್ದು ಬಂದು, ಅವನು ಪೈಪು ಬೆಸೆದು ಕಟ್ಟಿದ ಪುಟ್ಟ ಕಾರಿನೊಳಗೆ ಒಂದೊಂದಾಗಿ ಇಳಿಯುತ್ತಿದ್ದವು. ಸ್ಟೇರಿಂಗ್ ಹಿಡಿದವನು ಮಾತ್ರ ಯಾವಾಗಲೂ ಅವನೇ.

ಐವತ್ತೆರಡೇ ಯಾಕೆಂದರೆ, ಅವನು ಕೂರಿಸಿದ ಹಳೇ ಇಂಜಿನ್ನಿನ ಹಾರ್ಸ್‌ಪವರ್ ಅಷ್ಟು. ಬಬಲೇಶ್ವರದ ಹತ್ತಿರ ಹೊಸ ಲೇಔಟಿನ ನೆಟ್ಟನೆಯ ರಸ್ತೆಯಲ್ಲಿ ಡ್ರ್ಯಾಗ್ ರೇಸ್ ಇತ್ತು. ಬೆಳಿಗ್ಗೆ ನಾನೂರು ಮೀಟರನ್ನು ಹದಿನಾರು ಸೆಕೆಂಡಿನೊಳಗೆ ದಾಟಿದ ಗಾಡಿಗೆ ಮಾತ್ರ ಸಂಜೆಯ ಓಟದಲ್ಲಿ ಜಾಗ. ಆ ವೇಗಕ್ಕೆ ಒಂದು ಕುದುರೆಯ ಪಾಲಿಗೆ ಒಂಬತ್ತೂವರೆ ಕೆಜಿಗಿಂತ ಹೆಚ್ಚು ಭಾರ ಬೀಳಕೂಡದು. ಕಾರಿನ ತೂಕ ನಾನೂರ ನಲವತ್ತು. ನಲವತ್ತೇಳು ಕುದುರೆ ಸಾಕಲ್ಲ, ಇನ್ನೂ ಐದು ಮಿಕ್ಕುತ್ತವೆ ಎಂದು ಗೌತಮ ಹಿಗ್ಗಿದ್ದ.

ಆ ತೂಕ ಮಾಡಿದವಳು ಅವನ ಹೆಂಡತಿ ಯಶೋಧರಾ. ಲಾರಿಗಳನ್ನು ತೂಗುವ ವೇ ಬ್ರಿಜ್ಜಿನಲ್ಲಿ ಅವಳ ಕೆಲಸ. ದ್ರಾಕ್ಷಿಯ ಗಾಡಿ ಬಂದರೆ ಡ್ರೈವರನನ್ನು ಕೆಳಗಿಳಿಸದೆ ಒಂದು ದಿನವೂ ಚೀಟಿ ಕೊಟ್ಟವಳಲ್ಲ. ಇನ್ನು ಗಂಡನನ್ನು ಬಿಟ್ಟಾಳೆಯೇ? ಅವನನ್ನೂ ಇಳಿಸಿಯೇ ತೂಗಿದ್ದಳು.

ಓಟದ ದಿನ ಬೆಳಿಗ್ಗೆ ಗೌತಮ ಹೊಸ ಅಂಗಿ ತೊಟ್ಟು ಸೀಟಿನಲ್ಲಿ ಕುಳಿತ. ಕಾರು ಕುಂಯ್ ಎಂದು ಕುಸಿಯಿತು. ಯಶೋಧರಾ ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಏನ್ರಿ, ನಿಮ್ಮ ತೂಕಾನಽ ಹಿಡದಿಲ್ಲಲ್ರಿ ನಾವು!"

"ನನ್ನ ತೂಕ ಯಾಕ ಬೇಕ್ ಬೇ?"

"ಕುದ್ರಿ ಅದನ್ನೂ ಎಳೀಬೇಕಲ್ರಿ. ನೀವೇನ್ ಹಾರ್ಕೋತ ಬರ್ತೀರೇನು?"

ಗೌತಮ ತೊಂಬತ್ತೆರಡು ಕೆಜಿಯ ಆಳು. ನೆಲದ ಮೇಲೆ ಚಾಕ್‌ಪೀಸಿನಿಂದ ಮತ್ತೆ ಲೆಕ್ಕ ಹಾಕಿದ: ಐವತ್ತಾರು ಕುದುರೆ ಬೇಕು. ನಾಲ್ಕು ಕಡಿಮೆ ಬಿದ್ದವು. ಬಿಚ್ಚಿ ಎಸೆಯೋಣವೆಂದರೆ ಕಾರಿನಲ್ಲಿ ಒಂದು ಬೋಲ್ಟೂ ಹೆಚ್ಚಿರಲಿಲ್ಲ. ಯಶೋಧರಾಳ ತೂಕ ನಲವತ್ತೆಂಟು. ಅವಳು ಕುಳಿತರೆ ಐವತ್ತೆರಡು ಕುದುರೆಗೆ ಸರಿಯಾಗಿ ಹೊಂದುತ್ತಿತ್ತು, ಮತ್ತು ಕಾರು ಓಡಿಸಲು ಅವಳಿಗೆ ಕಲಿಸಿದವನೂ ಅವನೇ.

ಗೌತಮ ಚಾಕ್‌ಪೀಸು ಕೆಳಗಿಟ್ಟ. ಹನ್ನೆರಡು ವರ್ಷ ಕಂಡ ಕನಸಿನಲ್ಲಿ ಆ ಸೀಟಿನಲ್ಲಿ ಬೇರೆ ಯಾರೂ ಕುಳಿತಿರಲಿಲ್ಲ.

"ಮುಂಜಾನಿ ನೀ ದಾಟಸು," ಎಂದ ಕೊನೆಗೆ. "ಸಂಜೀ ಓಟಕ್ಕ ಟೈಮಿನ ಕಟ್ಟಳಿ ಇಲ್ಲ. ಸೋತ್ರೂ ಚಿಂತಿಲ್ಲ, ನಾ ಕೂಡ್ತೀನಿ."

"ಹೂನ್ರಿ," ಎಂದಳು ಅವಳು.

ಗೌತಮ ಕೊನೆಯ ಗೆರೆಯ ಆಚೆ ನಿಂತ. ಬಿಸಿಲಿಗೆ ರಸ್ತೆ ನೀರಾಗಿ ಹೊಳೆಯುತ್ತಿತ್ತು. ಆ ನೀರಿನ ಮೇಲೆ ಕಾರು ಮೊದಲು ಚುಕ್ಕಿಯಾಗಿ ಕಂಡು, ನಿಧಾನವಾಗಿ ತೇಲುತ್ತ ತೇಲುತ್ತ ದೊಡ್ಡದಾಯಿತು. ಜನರ ಕೂಗೆಲ್ಲ ಎಲ್ಲೋ ದೂರ ಸರಿಯಿತು. ತನ್ನ ಗಾಡಿ ಓಡುವುದನ್ನು ಅವನು ಹೊರಗೆ ನಿಂತು ನೋಡಿದ್ದು ಅದೇ ಮೊದಲು. ಅಬ್ಬಾ, ಇಷ್ಟು ಚೆಂದ ಓಡುತ್ತದೆಯೇ ಇದು! ಹದಿನೈದು ಪಾಯಿಂಟ್ ಒಂಬತ್ತು ಸೆಕೆಂಡು ಎಂದು ಮೈಕಿನಲ್ಲಿ ಕೂಗಿದರು.

ಅವನು ಏದುಸಿರು ಬಿಡುತ್ತ ಓಡಿ ಹೋದ. ಯಶೋಧರಾ ಹೆಲ್ಮೆಟ್ ತೆಗೆದಿದ್ದಳು. ಬೆವರಿಗೆ ಕೂದಲು ಹಣೆಗಂಟಿತ್ತು.

"ಇಳೀತೀನಿ, ತಡೀರಿ," ಎಂದಳು. ಆದರೆ ಇಳಿಯಲಿಲ್ಲ. ಎರಡೂ ಕೈ ಸ್ಟೇರಿಂಗಿನ ಮೇಲೇ ಇದ್ದವು, ಕಣ್ಣು ಖಾಲಿ ರಸ್ತೆಯ ಆ ತುದಿಯಲ್ಲಿತ್ತು. ಈ ಹುಚ್ಚು ಎಂಥದೆಂದು ಗೌತಮನಿಗಿಂತ ಚೆನ್ನಾಗಿ ಬಲ್ಲವರು ಯಾರು?

"ಸಂಜೀಗೂ ನೀನಽ ಓಡಸ್ ಬೇ," ಎಂದ.

ಒಂದು ಸಲವಾದರೂ ಬೇಡ ಅಂದಾಳೆಂದು ಕಾದ. ಅವಳು ಅನ್ನಲಿಲ್ಲ.