ಬಿಚ್ಚಿ ಕಟ್ಟಿದ ಇಂಜಿನ್ನು, ಹೊಸದಾಗಿ ಕೇಳುವ ಕಿವಿ

ಗ್ಯಾರೇಜಿನ ಮೇಸ್ತ್ರಿಯನ್ನು ಬೀದಿಯವರೆಲ್ಲ ಕರೆಯುವುದು ಇಂಜಿನ್ ಮಾವ ಎಂದೇ. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ, ಒಳಗಿನ ರೋಗ ಹೇಳಿಬಿಡುತ್ತಿದ್ದರು. ಮೂವತ್ತೈದು ವರ್ಷ ಆ ಸದ್ದಿನಲ್ಲೇ ಕಳೆದರೆ ಕಿವಿ ಸುಮ್ಮನಿರುತ್ತದೆಯೇ? ಅದೂ ಸವೆಯಿತು.

ಮಾವ ಒಪ್ಪಬೇಕಲ್ಲ. "ನನ್ನ ಕಿವಿ ನೆಟ್ಟಗಿದೆ, ನೀವೇ ಬಾಯೊಳಗೆ ಮಾತಾಡ್ತೀರಿ" ಎಂದು ಊರಿಗೆಲ್ಲ ತಪ್ಪು ಹೊರಿಸಿದರು. ಕೊನೆಗೆ ಒಪ್ಪಿಸಿದ್ದು ಹೆಂಡತಿಯ ಮೌನ. ಬೀದಿಯವರಿಗೆಲ್ಲ ಆಕೆ ಅತ್ತೆ. ಸಂಜೆ ಚಹಾ ಹಿಡಿದು ಕೂತರೆ ಪಕ್ಕದ ಮನೆಯ ಜಗಳದಿಂದ ತಮ್ಮ ಮಂಡಿನೋವಿನ ತನಕ ಒಂದೂ ಬಿಡದೆ ಹೇಳುತ್ತಿದ್ದರು. ಈಗ ಮಾವ "ಏನಂದೆ?" ಎಂದು ಎರಡು ಸಲ ಕೇಳಿದರೆ, "ಏನಿಲ್ಲ ಬಿಡಿ" ಅನ್ನುತ್ತಿದ್ದರು. ಬರಬರುತ್ತಾ ದಿನಕ್ಕೆ ಎರಡೇ ಮಾತು ಉಳಿದವು: "ಊಟಕ್ಕೆ ಬನ್ನಿ", "ಬಾಗಿಲು ಹಾಕಿ". ಮಾವನಿಗೆ ಅದರಿಂದ ತುಂಬಾ ನೋವಾಯಿತು.

ಒಂದು ದಿನ ಯಾರಿಗೂ ಹೇಳದೆ ಔಷಧದಂಗಡಿಗೆ ಹೋಗಿ, ಡಾಕ್ಟರ ಚೀಟಿ ಇಲ್ಲದೆಯೂ ಸಿಗುವ ಒಂದು ಜೊತೆ ಕಿವಿ ಮೆಷೀನು ತಂದರು. ತಂದವರು ಮನೆಯಲ್ಲಿ ಕೂತು ನಿಧಾನಕ್ಕೆ ಹಾಕಿಕೊಂಡು ನೋಡಬಾರದೇ? ಸೀದಾ ಗ್ಯಾರೇಜಿಗೆ ಹೋದರು, ಎರಡೂ ಕಿವಿಗೆ ಸಿಕ್ಕಿಸಿದರು, ಸದ್ದನ್ನು ಪೂರ್ತಿ ಏರಿಸಿ ಲಾರಿ ಇಂಜಿನ್ನು ಶುರು ಮಾಡಿದರು. ತಲೆ ಧಿಮ್ಮೆಂದಿತು. ಸ್ಪ್ಯಾನರ್ ಬಿದ್ದರೆ ತಲೆಯೊಳಗೇ ಬಿದ್ದ ಹಾಗಾಯಿತು. ತಮ್ಮದೇ ದನಿ ಖಾಲಿ ಡ್ರಮ್ಮಿನೊಳಗಿಂದ ಬಂದ ಹಾಗೆ ಕೇಳಿತು. ಹತ್ತೇ ನಿಮಿಷಕ್ಕೆ ಕಿತ್ತು, ನಟ್ಟು ಬೋಲ್ಟಿನ ಡಬ್ಬಿಗೆ ಎಸೆದರು.

ಅದೇ ವಾರ ಆಸ್ಪತ್ರೆಯ ಸಿಸ್ಟರ್ ತಮ್ಮ ಸ್ಕೂಟರ್ ಒಯ್ಯಲು ಬಂದರು. ಇಂಜಿನ್ನು ಪೂರ್ತಿ ಬಿಚ್ಚಿ, ಹೊಸ ಪಿಸ್ಟನ್ ಹಾಕಿ ಕಟ್ಟಿದ ಸ್ಕೂಟರು. ಮಾವ ಎಲ್ಲರಿಗೂ ಹೇಳುವ ಪಾಠ ಒಪ್ಪಿಸಿದರು.

"ಸಿಸ್ಟರಮ್ಮ, ಮೊದಲ ಐನೂರು ಕಿಲೋಮೀಟರ್ ನಲವತ್ತರ ಮೇಲೆ ಓಡಿಸ್ಬೇಡಿ. ಹೊಸ ಪಿಸ್ಟನ್ನು ಹೊಂದ್ಕೋಬೇಕು. ಅವಸರ ಮಾಡಿದ್ರೆ ಕೆಟ್ಟು ಕೂರತ್ತೆ."

ಸ್ಕೂಟರಿನ ಬೀಗದ ಕೈಗೆಂದು ಮಾವ ಡಬ್ಬಿಗೆ ಕೈ ಹಾಕಿದರೆ ಕಿವಿ ಮೆಷೀನೂ ಜೊತೆಗೆ ಬಂತು. ಸಿಸ್ಟರ್ ಮಾವನ ಎದುರಿಗೆ ನಿಂತು, ಬಿಡಿಸಿ ಬಿಡಿಸಿ ಕೇಳಿದರು. "ಇದ್ಯಾಕೆ ಇಲ್ಲಿದೆ ಮಾವ?"

"ದಂಡ ಕಣಮ್ಮ. ಇಡೀ ಲೋಕ ತಲೇಲಿ ಕಿರುಚತ್ತೆ."

"ಮೊದಲ ದಿನ ಎಲ್ಲಿ ಹಾಕ್ಕೊಂಡ್ರಿ?"

"ಇಲ್ಲೇ, ಲಾರಿ ಪಕ್ಕ."

"ಸದ್ದು ಎಷ್ಟಿಟ್ಟಿದ್ರಿ?"

"ಪೂರ್ತಿ."

ಸಿಸ್ಟರ್ ಸ್ಕೂಟರಿನ ಸೀಟು ತಟ್ಟಿ ನಕ್ಕರು. "ನನ್ನ ಸ್ಕೂಟರಿಗೆ ನಲವತ್ತು, ನಿಮ್ಮ ಕಿವಿಗೆ ಮಾತ್ರ ಮೊದಲ ದಿನಾನೇ ನೂರು. ಚೆನ್ನಾಗಿದೆ ನ್ಯಾಯ."

ದೀಪದ ಬುಡದಲ್ಲೇ ಕತ್ತಲು.

"ಕಿವಿ ನೋವು, ಸೋರೋದು, ತಲೆಸುತ್ತು ಇದ್ಯಾ? ಇದ್ದಕ್ಕಿದ್ದ ಹಾಗೆ ಕೇಳದೆ ಹೋಯ್ತಾ? ಒಂದೇ ಕಿವಿಗಾ?" ಸಿಸ್ಟರ್ ವಿಚಾರಿಸಿದರು.

"ಇಲ್ಲಮ್ಮ. ಎರಡೂ ನಿಧಾನಕ್ಕೆ ಮಂದ ಆದ್ವು."

"ಹಾಗೇನಾದ್ರೂ ಇದ್ದಿದ್ರೆ ಮೊದಲು ಡಾಕ್ಟರ ಹತ್ರ ಕಳಿಸ್ತಿದ್ದೆ. ನೋಡಿ ಮಾವ, ಸಣ್ಣಪುಟ್ಟ ಸದ್ದು ಕೇಳೋ ರೂಢಿ ನಿಮ್ಮ ಮಿದುಳಿಗೆ ತಪ್ಪಿಹೋಗಿದೆ. ಮತ್ತೆ ಹೊಂದ್ಕೊಳ್ಳೋಕೆ ಕೆಲವು ವಾರ ಹಿಡಿಯತ್ತೆ. ಮನೇಲಿ ಟೀವಿ ಆರಿಸಿ, ಸದ್ದು ಕಮ್ಮಿ ಇಟ್ಟು, ದಿನಕ್ಕೆ ಒಂದೆರಡು ಗಂಟೆ ಹಾಕ್ಕೊಳ್ಳಿ. ಅತ್ತೆ ಒಬ್ಬರ ಹತ್ರಾನೇ ಮಾತಾಡಿ. ಆಮೇಲೆ ಹೊತ್ತು ಹೆಚ್ಚಿಸ್ತಾ ಹೋಗಿ. ಅಂಗಡಿ, ಬೀದಿ ಎಲ್ಲ ಕೊನೆಗೆ. ಕುಯ್ ಅಂತಿದ್ರೆ ರಬ್ಬರ್ ತುದಿ ಸರಿಯಾಗಿ ಕೂತಿರಲ್ಲ, ಬೇರೆ ಅಳತೇದು ಹಾಕಿ."

"ಮತ್ತೆ ಗ್ಯಾರೇಜಲ್ಲಿ?"

"ಇಂಜಿನ್ ಓಡೋವಾಗ ಇದನ್ನ ತೆಗೆದಿಟ್ಟು, ಸದ್ದು ತಡೆಯೋ ಇಯರ್ ಪ್ಲಗ್ಗನ್ನ ಕಿವಿಗೆ ಹಾಕ್ಕೊಳ್ಳಿ. ಉಳಿದಿರೋದನ್ನಾದ್ರೂ ಉಳಿಸ್ಕೋಬೇಕಲ್ಲ."

ಆ ಸಂಜೆ ಮಾವ ನಡೆದದ್ದೆಲ್ಲ ಹೇಳಿ, ಮೆಷೀನು ಹಾಕಿಕೊಂಡು ಕೂತಾಗ ಅತ್ತೆಗೆ ನಂಬಿಕೆ ಬರಲಿಲ್ಲ. "ಇವತ್ತು ಯಾವ ಡಬ್ಬಿಗೆ ಎಸೀತೀರಿ?" ಎಂದು ಅಭ್ಯಾಸಬಲದಿಂದ ಕೂಗಿದರು.

"ಮೆಲ್ಲಗೆ ಹೇಳೇ, ಎದುರಿಗೇ ಇದ್ದೀನಿ."

ಮೊದಮೊದಲು ಪೇಪರ್ ಮಡಚಿದರೂ ಪಟಾಕಿ ಹೊಡೆದ ಹಾಗಿತ್ತು. ನಲ್ಲಿ ತೊಟ್ಟಿಕ್ಕುವುದೂ ಕೇಳಿ ತಲೆ ಚಿಟ್ಟುಹಿಡಿಯಿತು. ಎರಡು ಸಲ ಕೀಳಲು ಕೈ ಹೋಯಿತು, ಸಿಸ್ಟರ ನಗು ನೆನಪಾಗಿ ಕೈ ಇಳಿಯಿತು. ಕ್ಯಾಲೆಂಡರಿನಲ್ಲಿ ದಿನಕ್ಕಿಷ್ಟು ಗಂಟೆ ಎಂದು ಗುರುತು ಹಾಕುತ್ತಾ ಹೋದರು.

ನಾಲ್ಕನೆಯ ವಾರದ ಒಂದು ಸಂಜೆ. ಅತ್ತೆ ಬೆನ್ನು ತಿರುಗಿಸಿ ತರಕಾರಿ ಹೆಚ್ಚುತ್ತಿದ್ದರು. "ಈ ಮಂಡಿನೋವು ಯಾರಿಗೆ ಹೇಳ್ಲಿ" ಎಂದು ತಮಗೆ ತಾವೇ ಗೊಣಗಿಕೊಂಡರು.

"ನನಗೆ ಹೇಳು" ಎಂದರು ಮಾವ.

ಚಾಕು ನಿಂತಿತು. ಅತ್ತೆ ತಿರುಗಿ ನೋಡಿದರು, ಕಣ್ಣೊರೆಸಿಕೊಂಡರು, ಪಕ್ಕಕ್ಕೆ ಬಂದು ಕೂತರು. ಮಂಡಿಯಿಂದ ಶುರುವಾದ ಮಾತು ಪಕ್ಕದ ಮನೆಯ ಜಗಳ ಮುಟ್ಟುವಷ್ಟರಲ್ಲಿ ಚಹಾ ತಣ್ಣಗಾಗಿತ್ತು.

ನಿಮ್ಮ ಮನೆಯಲ್ಲೂ ಒಂದು ಜೊತೆ ಕಿವಿ ಮೆಷೀನು ಡಬ್ಬಿಯಲ್ಲಿ ಬಿದ್ದಿದೆಯೇ? ಇವತ್ತೇ ಹೊರಗೆ ತೆಗೆಯಿರಿ. ಚೀಟಿ ಇಲ್ಲದೆ ಸಿಗುವ ಮೆಷೀನು ಸ್ವಲ್ಪ ಮಂದವಾದ ದೊಡ್ಡವರ ಕಿವಿಗೆ ಮಾತ್ರ. ಮಕ್ಕಳಿಗಾದರೆ, ಕಿವುಡು ಹೆಚ್ಚಿದ್ದರೆ, ವಾರಗಳಾದರೂ ಹೊಂದದಿದ್ದರೆ ಡಾಕ್ಟರನ್ನು ಕಾಣಿ. ಹಾಕಿಕೊಂಡವರು ಅವಸರ ಮಾಡಬೇಡಿ. ಮನೆಯವರು ಕೂಗಬೇಡಿ, ಎದುರಿಗೆ ಕೂತು ಮೆಲ್ಲಗೆ ಮಾತಾಡಿ. ಅವರು "ಏನಂದೆ?" ಎಂದು ಕೇಳಿದಾಗ "ಏನಿಲ್ಲ ಬಿಡಿ" ಅನ್ನಬೇಡಿ. ಇನ್ನೊಂದು ಸಲ ಹೇಳಿ.