ಕೆಳಗಿನ ಹಲಗೆ

ಒಣಗಿಸುವ ಕೋಣೆಯ ಅಕ್ಕನಿಗೆ ಪ್ಯಾಕಿಂಗ್ ಹೆಂಗಸರು ಇಟ್ಟ ಅಡ್ಡಹೆಸರು 'ಇನ್ನೂ ಇಲ್ಲ'. ಯಾವ ಸೋಪು ಕೇಳಿದರೂ ಅವಳ ಬಾಯಿಂದ ಮೊದಲು ಬರುವ ಮಾತು ಅದೇ. ಎರಡು ಬೆರಳಲ್ಲಿ ಒತ್ತಿ, ತಕ್ಕಡಿಯಲ್ಲಿಟ್ಟು, ಹೋದ ವಾರದ ತೂಕಕ್ಕೆ ಹೋಲಿಸಿ, "ಇನ್ನೂ ಇಲ್ಲ" ಅನ್ನುತ್ತಾಳೆ. ನೀರಿನ ಪಸೆ ಆರಿ ತೂಕ ಇಳಿಯುವುದು ನಿಲ್ಲಬೇಕು. ಅದಕ್ಕೆ ಆರು ವಾರ. ವಾರಕ್ಕೊಮ್ಮೆ ಒಂದೊಂದು ಬಿಲ್ಲೆಯನ್ನೂ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಅಡಿಭಾಗ ಹಸಿಯಾಗಿಯೇ ಉಳಿದು, ಬಚ್ಚಲಲ್ಲಿ ನಾಲ್ಕು ದಿನಕ್ಕೇ ಲೊಳಲೊಳ. ಎಲ್ಲ ಮುಗಿದ ಮೇಲೆ ಬಿಲ್ಲೆಗೊಂದು ಚೀಟಿ: 'ಆರು ವಾರ ಒಣಗಿಸಿದ್ದು'. ಕೆಳಗೆ ಅವಳ ಸಹಿ.

ಅವಳು ಯಜಮಾನಿಯ ಒಡಹುಟ್ಟಿದ ಅಕ್ಕ. ಒಂಬತ್ತು ವರ್ಷದ ಹಿಂದೆ ತಂಗಿ ಅಡುಗೆಮನೆಯಲ್ಲಿ ಮೊದಲ ಸೋಪು ಕಲಸಿದಾಗ ಇದ್ದದ್ದು ಒಂದೇ ಹಲಗೆ, ಅದೂ ಮಂಚದ ಕೆಳಗೆ. ಈಗ ಮೂರು ಅಂತಸ್ತಿನ ಕಟ್ಟಡ, ಮೂವತ್ತೆರಡು ಜನ. ಬಿದಿರಿನ ಬ್ರಷ್ಷು, ಬಟ್ಟೆಚೀಲ, ಕಾಲು ನೆನೆಸುವ ಉಪ್ಪು, ನಿದ್ದೆ ಬರಿಸುವ ಎಣ್ಣೆ ಎಲ್ಲವೂ ಇಲ್ಲಿಂದಲೇ ಹೋಗುತ್ತವೆ. ತಂಗಿ ಮಾತ್ರ ನಿದ್ದೆಗೆ ಮಾತ್ರೆ ನುಂಗುತ್ತಾಳೆ.

"ನೆಮ್ಮದಿ ಮಾರೋ ಕಂಪನೀಲಿ ನೆಮ್ಮದಿಯೊಂದೇ ಸ್ಟಾಕ್ ಇಲ್ಲ ನೋಡ್ರೇ," ಎಂದು ಪ್ಯಾಕಿಂಗಿನ ಹಿರಿಯಳು ಆಗಾಗ ನಗಿಸುತ್ತಿದ್ದಳು.

ಒಂದು ಮಧ್ಯಾಹ್ನ ತಂಗಿ ಒಂಬೈನೂರು ಚೀಟಿಗಳ ಕಟ್ಟು ಹಿಡಿದು ಬಂದಳು.

"ಅಕ್ಕಾ, ದೊಡ್ಡ ಅಂಗಡಿಯವರು ಶುಕ್ರವಾರವೇ ಬೇಕಂತಾರೆ. ಸಹಿ ಹಾಕಿಬಿಡು."

"ಯಾವುದಕ್ಕೆ?"

ತಂಗಿ ಹಲಗೆಗಳ ಕಡೆ ಗದ್ದ ಎತ್ತಿದಳು.

"ಇವಕ್ಕೆ ನಾಲ್ಕೇ ವಾರ ಆಗಿರೋದು ಕಣೇ."

"ನಂಗೂ ಕ್ಯಾಲೆಂಡರ್ ಓದೋಕೆ ಬರುತ್ತೆ." ತಂಗಿ ಸ್ಟೂಲಿನ ಮೇಲೆ ಕುಸಿದಳು. "ಅವರದು ನಲವತ್ತು ಅಂಗಡಿ. ಈ ಸಲ ತಪ್ಪಿದ್ರೆ ಇನ್ನು ನಮ್ಮ ಕಡೆ ತಿರುಗಿಯೂ ನೋಡಲ್ಲ. ಹೊಸ ಎಣ್ಣೆಯವನು ಹೇಳಿದಾನೆ, ಅವನ ಎಣ್ಣೆಗೆ ನಾಲ್ಕು ವಾರ ಧಾರಾಳ ಅಂತ. ಸೋಪು ಲೊಳಲೊಳ ಅಂತ ಜನ ಬೈತಿದ್ದದ್ದು ಹಳೇ ಎಣ್ಣೆಯಿಂದ ತಾನೆ? ಅವನನ್ನ ಬಿಡಿಸಿ ಆಯ್ತಲ್ಲ."

ಅಕ್ಕನ ಕಣ್ಣು ಬಾಗಿಲ ಕಡೆ ಹೋಯಿತು.

ಹಳೆಯ ಎಣ್ಣೆಯವನು ಮೊದಲ ವರ್ಷದಿಂದ ಡಬ್ಬ ಹೊತ್ತು ತಂದವನು. ಬಿಡಿಸಿದ ದಿನ ಇದೇ ಬಾಗಿಲಲ್ಲಿ ನಿಂತು, "ನನ್ನ ಎಣ್ಣೇಲಿ ಐಬಿಲ್ಲ ಅಕ್ಕಾ, ನೀವಾದ್ರೂ ಹೇಳಿ," ಎಂದಿದ್ದ. ಅವಳು ಬಾಯಿಗೆ ಬೀಗ ಹಾಕಿಕೊಂಡು ನೆಲ ನೋಡಿದ್ದಳು.

ಮಂಡಿನೋವು ಶುರುವಾಗಿ ಏಳು ತಿಂಗಳು. ಮೇಲಿನ ನಾಲ್ಕು ಹಲಗೆಗಳ ಬಿಲ್ಲೆಗಳನ್ನು ನಿಂತೇ ತಿರುಗಿಸಬಹುದು. ಐದನೆಯದಕ್ಕೆ ನೆಲಕ್ಕೆ ಕೂರಬೇಕು. ಮೊದಲ ವಾರ 'ನಾಳೆ ಮಾಡಿದರಾಯಿತು' ಎಂದುಕೊಂಡಳು. ಎರಡನೆಯ ವಾರವೂ ಹಾಗೇ ಎಂದುಕೊಂಡಳು. ಆಮೇಲೆ ಅಂದುಕೊಳ್ಳುವುದನ್ನೂ ಬಿಟ್ಟಳು. ಪುಸ್ತಕದಲ್ಲಿ ಮಾತ್ರ ಐದೂ ಹಲಗೆಗೆ ಗುರುತು ಬೀಳುತ್ತಿತ್ತು. ತೂಕಕ್ಕೆಂದು ತೆಗೆಯುತ್ತಿದ್ದದ್ದೂ ಕೈಗೆಟುಕುವ ಹಲಗೆಯಿಂದಲೇ.

ಈಗ ಸಹಿ ಹಾಕಿ ಸುಮ್ಮನಾದರೆ ಕೇಳುವವರಿಲ್ಲ. ಹಾಕುವುದಿಲ್ಲ ಎಂದು ಸತ್ಯವಂತಳಂತೆ ಮುಖ ತಿರುಗಿಸಿದರೂ ಕೇಳುವವರಿಲ್ಲ. ಎರಡಕ್ಕೂ ಅವಳಲ್ಲಿ ತ್ರಾಣ ಉಳಿದಿರಲಿಲ್ಲ.

"ತಪ್ಪು ಎಣ್ಣೇದಲ್ಲ," ಎಂದಳು. "ನಂದು. ಕೆಳಗಿನ ಹಲಗೆಯವನ್ನ ತಿರುಗಿಸದೆ ಏಳು ತಿಂಗಳಾಯ್ತು."

ತಂಗಿ ಬಗ್ಗಿ ಕೆಳಗಿನ ಹಲಗೆಯಿಂದ ಒಂದು ಬಿಲ್ಲೆ ಎಳೆದು ಅಂಗಾತ ಮಾಡಿದಳು. ಉಗುರು ಊರಿದಳು. ಬೆಣ್ಣೆಗೆ ಇಳಿದಂತೆ ಇಳಿಯಿತು.

"ಒಂದು ಮಾತು ಹೇಳಿದ್ರೆ ಯಾರನ್ನಾದ್ರೂ ಜೊತೆಗೆ ಹಾಕ್ತಿದ್ನಲ್ಲಕ್ಕಾ!"

"ಇವತ್ತು ಜೊತೆಗೆ ಹಾಕ್ತಿದ್ದೆ, ನಾಳೆ ನನ್ನ ಜಾಗಕ್ಕೇ ಹಾಕ್ತಿದ್ದೆ."

"ಅದಕ್ಕೆ ಆ ಪಾಪದವನ ಹೊಟ್ಟೆ ಮೇಲೆ ಹೊಡೆಸಿದೆಯಾ?"

ತಂಗಿ ಫೋನು ಹಿಡಿದು ಮೆಟ್ಟಿಲ ಕಡೆ ಹೋದಳು. "ಎರಡೇ ವಾರ ಸರ್... ಇಲ್ಲ ಸರ್, ಹಾಗಲ್ಲ..." ಎನ್ನುವುದು ಕೇಳಿಸಿತು. ಕಾಲು ಗಂಟೆಯ ಮೇಲೆ ಬಂದವಳ ಮುಖ ಹಿಂಡಿದ ಬಟ್ಟೆಯಂತಿತ್ತು.

"ಕಾಯಲ್ಲಂತೆ. ಮುಂದಿನ ವರ್ಷ ನೋಡೋಣ ಅಂದ್ರು. ಅಂದ್ರೆ ಕತ್ತೆಗೆ ಕೋಡು ಮೂಡಿದಾಗ." ಗೋಡೆಗೆ ಒರಗಿದಳು. "ಹಳೇ ಎಣ್ಣೆಯವನಿಗೂ ಫೋನ್ ಮಾಡಿದೆ. ಎತ್ತಲಿಲ್ಲ."

"ಅವನ ಮನೆಗೆ ನಾನೇ ಹೋಗ್ತೀನಿ."

"ಹೋಗಲೇಬೇಕು. ನಾನು ಬರಲ್ಲ, ನೀನೇ ಹೇಳು." ತಂಗಿ ಚೀಟಿಗಳ ಕಟ್ಟನ್ನು ಸುಮ್ಮನೆ ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. "ಮುಂದಿನ ತಿಂಗಳಿಂದ ಈ ಕೋಣೆಗೆ ಬೇರೆಯವರು ಬರ್ತಾರೆ."

ಏಳು ತಿಂಗಳಿಂದ ಹೆದರಿದ್ದು ಇದೊಂದೇ ಮಾತಿಗೆ. ಆಕಾಶ ಕಳಚಿ ಬೀಳುತ್ತದೆ ಎಂದುಕೊಂಡಿದ್ದಳು. ಬಿದ್ದದ್ದು ಹೆಗಲ ಭಾರ. ಹಾಗೆ ಹಗುರಾದದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ಅವಳು ಕಂಬ ಹಿಡಿದು, ಹಲ್ಲು ಕಚ್ಚಿ, ಒಂದೊಂದೇ ಮಂಡಿ ಮಡಿಸಿ ನೆಲಕ್ಕೆ ಕೂತಳು.

"ಈಗೇನಕ್ಕಾ ಇದು?"

"ಇವಕ್ಕಿನ್ನೂ ಎರಡು ವಾರ ಇದೆಯಲ್ಲ." ಮೊದಲ ಬಿಲ್ಲೆಯನ್ನು ಮಗುಚಿದಳು, ಎರಡನೆಯದನ್ನು ಮಗುಚಿದಳು. ತಂಗಿ ಇನ್ನೂ ಅಲ್ಲೇ ನಿಂತಿದ್ದಳು. ಅಕ್ಕ ತಲೆ ಎತ್ತದೆ ಹೇಳಿದಳು: "ಕೂರೋದು ಹೇಗೋ ಆಯ್ತು. ಎಬ್ಬಿಸೋಕೆ ಸಂಜೆ ಇಬ್ಬರನ್ನ ಕಳಿಸು. ಒಬ್ಬರ ಕೈಲಿ ಆಗಲ್ಲ."