ಹದಿನೇಳನೆಯ ಡಬ್ಬಿಯ ಬಾಗಿಲು

ಡಬ್ಬಿ ಎಂದರೆ ಅಡುಗೆಮನೆಯ ಡಬ್ಬಿಯಲ್ಲ. ಬ್ಯಾಟರಿ ಅಂಗಳದಲ್ಲಿ ಸಾಲಾಗಿ ನಿಂತ ನಲವತ್ತು ಕಬ್ಬಿಣದ ಡಬ್ಬಿಗಳು ಒಂದೊಂದೂ ಲಾರಿಯಷ್ಟು ಉದ್ದ. ಹಗಲೆಲ್ಲ ಕರೆಂಟು ತುಂಬಿಕೊಂಡು ಸಂಜೆ ಊರಿಗೆ ಕೊಡುವುದು ಅವುಗಳ ಕೆಲಸ. ಅವುಗಳ ಮೇಲೆ ಕಣ್ಣಿಟ್ಟಿರುವುದು ಅಂಗಳದ ಸುರಕ್ಷತಾ ಅಧಿಕಾರಿಯಾದ ಅವಳ ಕೆಲಸ. ಒಂಬತ್ತು ವರ್ಷದಲ್ಲಿ ಅಲ್ಲೊಂದು ಕಿಡಿ ಹಾರಿರಲಿಲ್ಲ.

ಆ ಮಧ್ಯಾಹ್ನ ಹದಿನೇಳನೆಯ ಡಬ್ಬಿಯಿಂದ ಬಿಳಿ ಹೊಗೆ ಎದ್ದಿತು. ಅವಳು ಆ ಸಾಲಿನ ಸಂಪರ್ಕ ತಪ್ಪಿಸಿದಳು, ಸೈರನ್ ಒತ್ತಿದಳು, ಎಲ್ಲರನ್ನೂ ಗೇಟಿನ ಬಳಿ ಸೇರಿಸಿ ತಲೆ ಎಣಿಸಿದಳು. ಒಂದು ತಲೆ ಕಡಿಮೆ ಬಿತ್ತು.

ಡಬ್ಬಿಯೊಳಗೆ ಹೋಗುವವರು ಗೇಟಿನ ಬೋರ್ಡಿನಲ್ಲಿ ಅದರ ನಂಬರಿನ ಕೆಳಗೆ ತಮ್ಮ ಹೆಸರಿನ ಬಿಲ್ಲೆ ನೇತುಹಾಕಬೇಕು, ಹೊರಗೆ ಬಂದಾಗ ತೆಗೆದುಕೊಳ್ಳಬೇಕು. ಹದಿನೇಳರ ಕೆಳಗೆ, ಡಬ್ಬಿಗಳನ್ನು ತಂಪಾಗಿಡುವ ಏಸಿಯ ಮೆಕ್ಯಾನಿಕ್ಕನ ಬಿಲ್ಲೆ ಇನ್ನೂ ಇತ್ತು. ಅವನ ಫೋನು ನಿಯಮದಂತೆ ಗೇಟಿನ ಪೆಟ್ಟಿಗೆಯಲ್ಲೇ ಇತ್ತು. ಎಲ್ಲಿಗಾದರೂ ಹಾಳಾಗಿ ಹೋಗಿರಲಪ್ಪ ಎಂದುಕೊಳ್ಳುತ್ತ ಕಾವಲುಗಾರನನ್ನು ರಸ್ತೆಯಾಚೆಯ ಕ್ಯಾಂಟೀನು, ಬಿಡಿಭಾಗಗಳ ಸ್ಟೋರು ಎಲ್ಲ ಕಡೆ ಹುಡುಕಲು ಓಡಿಸಿದಳು.

ಅಷ್ಟರಲ್ಲಿ ಫೈರ್ ಇಂಜಿನ್ ಬಂತು. ಅದರಿಂದ ಮೊದಲು ಇಳಿದ ಮುಖ್ಯಸ್ಥರು ಅವಳ ಸ್ವಂತ ಸೋದರಮಾವ. ಮುಚ್ಚಿದ ಬಾಗಿಲ ಮುಂದೆ ಸುಮ್ಮನೆ ನಿಂತು ಅಭ್ಯಾಸವಿಲ್ಲದ ಮನುಷ್ಯ. ಉರಿಯುವ ಮನೆಗಳಿಂದ ಹನ್ನೊಂದು ಜನರನ್ನು ಹೊತ್ತು ತಂದಿದ್ದರು, ಆ ಲೆಕ್ಕವನ್ನು ಮದುವೆಮನೆಗಳಲ್ಲಿ ಕೇಳದವರಿಗೂ ಹೇಳಿದ್ದರು. ಒಳಗೊಬ್ಬ ಇರಬಹುದೆಂದು ತಿಳಿದದ್ದೇ ತಡ, ಸಲಾಕೆ ಕೈಗೆತ್ತಿಕೊಂಡರು.

"ಹೊಗೆನೂ ನಿಂತಿದೆ ಕಣೇ. ಇನ್ನೇನು ಕಾಯೋದು?"

ಹೊಗೆ ನಿಂತದ್ದೇ ಅವಳ ಹೆದರಿಕೆ. ಒಳಗೆ ಉರಿಯುವ ಗ್ಯಾಸು ತುಂಬಿದೆ ಎಂದು ಅವಳ ಕೈಯಲ್ಲಿದ್ದ ಪರದೆ ತೋರಿಸುತ್ತಿತ್ತು. ಬಾಗಿಲು ತೆರೆದು ಗಾಳಿ ನುಗ್ಗಿದರೆ ಒಂದು ಕಿಡಿ ಸಾಕು, ತೆರೆಯದಿದ್ದರೂ ಯಾವ ಗಳಿಗೆಯಲ್ಲಾದರೂ ಸಿಡಿಯಬಹುದು. ಹೋದ ವರ್ಷ ಅಗ್ನಿಶಾಮಕದವರಿಗೆಲ್ಲ ಇದನ್ನೇ ಪಾಠ ಮಾಡಿದ್ದಳು. ಮಾವ ಹಿಂದಿನ ಬೆಂಚಿನಲ್ಲಿ ಸೊಗಸಾಗಿ ತೂಕಡಿಸಿದ್ದರು.

ತೆರೆಯುವ ಹಾಗಿಲ್ಲ, ಸಿಡಿಯುತ್ತದೆ ಎಂದಳು. ಹಾಗಾದರೆ ಒಳಗಿರುವವನ ಗತಿ ಏನು ಎಂದು ಅವರು ಕೇಳಿದರು. ಹೊಗೆ ಎದ್ದು ಇಪ್ಪತ್ತು ನಿಮಿಷವಾಗಿತ್ತು. ಆ ಗಾಳಿಯಲ್ಲಿ ಇಪ್ಪತ್ತು ನಿಮಿಷ ಯಾರೂ ಉಳಿಯುವುದಿಲ್ಲ ಎಂದು ಅವಳ ತಲೆಗೆ ಗೊತ್ತಿತ್ತು. ಮಾವನಿಗೆ ಅಡ್ಡ ನಿಂತಳು.

"ಅವನು ಒಳಗೇ ಇದ್ರೆ ಆ ಪಾಪ ನನ್ನ ತಲೆಗಿರ್ಲಿ ಮಾವ. ನಿಮ್ಮನ್ನ ಮಾತ್ರ ಬಿಡಲ್ಲ."

ಒಂದು ಕೈಯಲ್ಲಿ ಅವಳನ್ನು ಪಕ್ಕಕ್ಕೆ ಸರಿಸಬಹುದಿತ್ತು. ಅವರು ಅವಳ ಮುಖ ನೋಡಿದರು, ಸಲಾಕೆ ಕೆಳಗಿಟ್ಟರು. ಎಲ್ಲರೂ ಗಾಳಿ ಬೀಸಿ ಬರುವ ಕಡೆಗೆ ದೂರ ಸರಿಯಿರಿ, ಅಲ್ಲಿಂದಲೇ ಅಕ್ಕಪಕ್ಕದ ಡಬ್ಬಿಗಳಿಗೆ ನೀರು ಹೊಡೆಯಿರಿ ಎಂದು ತಮ್ಮವರಿಗೆ ಹೇಳಿದರು. ಗೊಣಗುತ್ತಲೇ ಹೇಳಿದರು ಅನ್ನಿ.

ನಾಲ್ಕೈದು ನಿಮಿಷ ಕಳೆದಿರಬಹುದು, ನೆಲ ಅದುರಿತು. ಹದಿನೇಳರ ಬಾಗಿಲು ಕಿತ್ತು ಹಾರಿ ಎದುರಿನ ಗೋಡೆಗೆ ಬಡಿದು ಬಿತ್ತು. ತೆರೆಯಹೊರಟವರು ನಿಲ್ಲಬೇಕಿದ್ದ ಜಾಗವನ್ನು ಬೆಂಕಿ ನೆಕ್ಕಿ ಒಳಗೆ ಹೋಯಿತು. ಯಾರಿಗೂ ಒಂದು ಗೀರೂ ಆಗಲಿಲ್ಲ. ಮಾವ ತಮ್ಮ ಜನರನ್ನು ಎರಡು ಸಲ ಎಣಿಸಿದರು.

ಅವಳು ಅಲ್ಲೇ ಕುಸಿದು ಕೂತಳು. ಮೆಕ್ಯಾನಿಕ್ಕನ ಹೆಂಡತಿ ಅವಳನ್ನು ಅಕ್ಕಾ ಎನ್ನುತ್ತಿದ್ದಳು. ಆ ಹೆಂಗಸಿಗೆ ಏನೆಂದು ಹೇಳುವುದು? ಬಾಗಿಲು ತೆರೆಯಲು ಬಂದವರನ್ನು ನಾನೇ ತಡೆದೆ ಅಂತಲೇ? ಕಣ್ಣೀರೂ ಬರಲೊಲ್ಲದು.

ಆಗ ರಸ್ತೆಯ ಕಡೆಯಿಂದ ಕಾವಲುಗಾರ ಓಡಿ ಬಂದ, ಅವನ ಹಿಂದೆಯೇ ಮೆಕ್ಯಾನಿಕ್ಕು. ಒಂದು ಸ್ಕ್ರೂ ತರಲು ಸ್ಟೋರಿಗೆ ಹೋಗಿದ್ದನಂತೆ. ಎರಡೇ ನಿಮಿಷದ ಕೆಲಸಕ್ಕೆ ಬಿಲ್ಲೆ ಯಾಕೆ ತೆಗೆಯುವುದು ಎಂದುಕೊಂಡನಂತೆ. ಅಲ್ಲಿ ಮಾತಿಗೆ ಕೂತವನಿಗೆ ಜನರೇಟರಿನ ಗದ್ದಲದಲ್ಲಿ ಸೈರನ್ ಕೇಳಿಸಲೇ ಇಲ್ಲವಂತೆ. ಎಲ್ಲರೂ ಅವನ ಮೇಲೆ ಮುಗಿಬಿದ್ದರು. ಮಾವ ಕೈ ಅಡ್ಡ ಹಿಡಿದು ಸುಮ್ಮನಾಗಿಸಿದರು.

"ನಿನ್ನಿಂದ ಇವಳು ಸತ್ತು ಬದುಕಿದ್ದಾಳೆ. ಬೈಯೋದೆಲ್ಲ ಆಮೇಲೆ. ಮೊದ್ಲು ಅವಳ ಎದುರಿಗೆ ಹೋಗಿ ಕೂತ್ಕೋ, ನಿನ್ನ ಮುಖ ನೋಡ್ಲಿ."

ಅವನು ಬಂದು ಮಣ್ಣಿನಲ್ಲೇ ಕೂತ. ಅವಳು ಅವನ ಎರಡೂ ತೋಳು ಗಟ್ಟಿಯಾಗಿ ಹಿಡಿದುಕೊಂಡು, ಎಲ್ಲರೆದುರೇ ಗೊಳೋ ಎಂದು ಅತ್ತಳು.